ವಿಜ್ಞಾನದ ಪಾಠ, ಕಪಾಟಿನ ಬೀಗ

ಸೋಲಾಪುರದಿಂದ ಅಕ್ಕಲಕೋಟೆಗೆ ಸುಮಾರು 40 ಕಿಲೋಮೀಟರು ದಾರಿ. ಅತ್ತ ಕಲಬುರ್ಗಿ, ಇತ್ತ ವಿಜಯಪುರ ಜಿಲ್ಲೆಗಳಿಗೆ ತಾಗಿಕೊಂಡಿರುವ ಈ ತಾಲೂಕಿನ ಎಷ್ಟೋ ಹಳ್ಳಿಗಳಲ್ಲಿ ಮನೆಮಾತು ಕನ್ನಡ, ಕಚೇರಿಯ ಮಾತು ಮರಾಠಿ. ಕಾಸರಗೋಡಿನ ನಮಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. 1956ರಲ್ಲಿ ನಾವು ಕೇರಳಕ್ಕೆ ಸೇರಿದೆವು. ಅವರು ಮುಂಬಯಿ ರಾಜ್ಯದಲ್ಲಿಯೇ ಉಳಿದು 1960ರಲ್ಲಿ ಮಹಾರಾಷ್ಟ್ರದವರಾದರು. ಚಂದ್ರಗಿರಿಯ ಉತ್ತರ ಭಾಗವೂ ಅಕ್ಕಲಕೋಟೆಯೂ ಅಂದಿನ ಮೈಸೂರು ರಾಜ್ಯಕ್ಕೆ ಸೇರಬೇಕೆಂದು 1967ರಲ್ಲಿ ಮಹಾಜನ ವರದಿ ಹೇಳಿತು. ವರದಿ ಕಪಾಟು ಸೇರಿತು. ಮಕ್ಕಳು ಮಾತ್ರ ವರ್ಷ ವರ್ಷವೂ ಜೂನ್ ತಿಂಗಳಲ್ಲಿ ಶಾಲೆ ಸೇರುತ್ತಲೇ ಇದ್ದಾರೆ.

ಇಂದು ನಾವು ಹೇಳಹೊರಟಿರುವುದು ಗಡಿಯ ಮಾತಲ್ಲ, ಆ ಮಕ್ಕಳ ವಿಜ್ಞಾನ ಪಾಠದ ಮಾತು.

ಅಲ್ಲಿನ ಕನ್ನಡ ಶಾಲೆಗಳಿಗೆ ಪಠ್ಯಪುಸ್ತಕವಿಲ್ಲವೆಂದಲ್ಲ. 1967ರಲ್ಲಿ ಪುಣೆಯಲ್ಲಿ ಸ್ಥಾಪನೆಯಾದ ಬಾಲಭಾರತಿ ಸಂಸ್ಥೆ ಮರಾಠಿಯ ಜೊತೆಗೆ ಕನ್ನಡದಲ್ಲಿಯೂ ಪುಸ್ತಕ ಅಚ್ಚುಹಾಕುತ್ತದೆ. ಆದರೆ ಪಾಠ ಮುಗಿದ ಮೇಲೆ ಹುಡುಗನಿಗೆ ಒಂದು ಸಂಶಯ ಹುಟ್ಟಿದರೆ? ಮರಾಠಿ ಮಗುವಿಗೆ ಎರಡನೆಯ ಪುಸ್ತಕ ಪಕ್ಕದ ಅಂಗಡಿಯಲ್ಲಿ ಸಿಕ್ಕೀತು. ಕನ್ನಡ ಮಗುವಿಗೆ ಆ ಎರಡನೆಯ ಪುಸ್ತಕವನ್ನು ಯಾರಾದರೂ ಹುಡುಕಿ ತಂದು ಕೈಗಿಡಬೇಕು. ಹಾಗೆ ಇಡುವವರಿಲ್ಲದಿದ್ದರೆ ಕನ್ನಡವೆಂದರೆ ಪರೀಕ್ಷೆಯ ಪುಸ್ತಕ, ತಿಳಿವಳಿಕೆಯ ಪುಸ್ತಕ ಬೇರೆ ಭಾಷೆಯದು ಎಂಬ ಭಾವನೆ ಎಳೆಯ ಮನಸ್ಸಿನಲ್ಲಿ ಬೇರೂರುತ್ತದೆ. ಇಂಥ ಮಗು ನಾಳೆ ತಂದೆಯಾದಾಗ ತನ್ನ ಮಗನನ್ನು ಕನ್ನಡ ಶಾಲೆಗೆ ಏಕೆ ಕಳಿಸಬೇಕು?

ಇದಕ್ಕೊಂದು ದಾರಿ ಇದೆ. ವಿಜ್ಞಾನದ ಅಧ್ಯಾಪಕರನ್ನೂ ಶಾಲೆಯ ಗ್ರಂಥಪಾಲಕರನ್ನೂ ಒಟ್ಟಿಗೆ ತರಬೇತಿಗೆ ಕರೆದು, ಒಂದೇ ಪಾಠವನ್ನು ಇಬ್ಬರೂ ಸೇರಿ ಕಲಿಸುವಂತೆ ಅಣಿಗೊಳಿಸುವುದು. ಸಣ್ಣ ಶಾಲೆಯಲ್ಲಿ ಗ್ರಂಥಪಾಲಕರೆಂಬ ಹುದ್ದೆಯೇ ಇರುವುದಿಲ್ಲ, ನಿಜ. ಅಲ್ಲಿ ಕಪಾಟಿನ ಕೀಲಿಕೈ ಯಾರ ಬಳಿ ಇದೆಯೋ ಅವರೇ ಗ್ರಂಥಪಾಲಕರು. ಅವರನ್ನೇ ಕರೆಯಬೇಕು.

ಅದು ಹೇಗೆ ಎಂಬುದಕ್ಕೆ ಅಕ್ಕಲಕೋಟೆಯ ಮಣ್ಣನ್ನೇ ತೆಗೆದುಕೊಳ್ಳೋಣ. ನಮ್ಮಲ್ಲಿ ವರ್ಷಕ್ಕೆ 300 ಸೆಂಟಿಮೀಟರಿಗೂ ಮಿಕ್ಕಿ ಮಳೆ. ಅಲ್ಲಿ 50-60 ಸೆಂಟಿಮೀಟರು ಬಂದರೆ ಅದೇ ದೊಡ್ಡದು. ಆದರೂ ಮಳೆಗಾಲ ಕಳೆದ ಮೇಲೆ ಬಿತ್ತಿದ ಹಿಂಗಾರಿ ಜೋಳ ಕೈಗೆ ಬರುತ್ತದೆ. ಹೇಗೆ? ಅಧ್ಯಾಪಕರು ತಳಕ್ಕೆ ತೂತು ಕೊರೆದ ಎರಡು ಡಬ್ಬಿಗಳಲ್ಲಿ ಒಂದಕ್ಕೆ ಎರೆಮಣ್ಣು, ಇನ್ನೊಂದಕ್ಕೆ ಮರಳು ತುಂಬಿಸಿ ಸಮನಾಗಿ ನೀರು ಹೊಯ್ಯುತ್ತಾರೆ. ಕೆಳಗೆ ಇಳಿದ ನೀರನ್ನು ಮಕ್ಕಳು ಅಳೆಯುತ್ತಾರೆ. ಎರೆಮಣ್ಣು ನೀರು ಹಿಡಿದಿಟ್ಟುಕೊಳ್ಳುತ್ತದೆ, ನೆನೆದಾಗ ಉಬ್ಬುತ್ತದೆ, ಒಣಗಿದಾಗ ಕುಗ್ಗಿ ಬಿರುಕು ಬಿಡುತ್ತದೆ ಎಂಬುದು ಕಣ್ಣಿಗೇ ಕಾಣುತ್ತದೆ.

ಇಲ್ಲಿಂದ ಮುಂದಿನದು ಗ್ರಂಥಪಾಲಕರ ಕೆಲಸ. ಜಿಲ್ಲೆಯ ಗೆಜೆಟಿಯರಿನಲ್ಲಿ ಮಣ್ಣಿನ ವಿವರ ಎಲ್ಲಿದೆ, ಮಳೆಯ ಲೆಕ್ಕ ಯಾವ ಪುಟದಲ್ಲಿದೆ, ಒಂದು ಶಬ್ದ ತಿಳಿಯದಿದ್ದರೆ ನಿಘಂಟು ನೋಡುವುದು ಹೇಗೆ, ಎರಡು ಪುಸ್ತಕ ಎರಡು ಮಾತು ಹೇಳಿದರೆ ಯಾವುದನ್ನು ನಂಬಬೇಕು, ಇವನ್ನು ಅವರು ಅದೇ ತರಗತಿಯಲ್ಲಿ ನಿಂತು ಕಲಿಸುತ್ತಾರೆ. ಮನೆಯಲ್ಲಿ ದಿನವೂ ತಿನ್ನುವ ರೊಟ್ಟಿಯ ಜೋಳದಲ್ಲಿ ಮಾಲದಂಡಿ ಎಂಬುದೊಂದು ತಳಿ ಇದೆ, ಅದರ ಹೆಸರುವಾಸಿಯಾದ ಆಯ್ಕೆ ನಡೆದದ್ದು ತಮ್ಮದೇ ಜಿಲ್ಲೆಯ ಮೋಹೋಳದಲ್ಲಿ ಎಂದು ಮಕ್ಕಳು ತಾವಾಗಿ ಓದಿ ಕಂಡುಕೊಂಡರೆ, ಆ ಪಾಠ ಮರೆತುಹೋದೀತೇ?

ಗಣಿತದ ಮೇಷ್ಟರೊಬ್ಬರು ಗ್ರಂಥಪಾಲಕರಾದ ಕಥೆ ನಮ್ಮ ಹತ್ತಿರದ್ದೇ. ಎಸ್. ಆರ್. ರಂಗನಾಥನ್ ಅವರು 1917ರಲ್ಲಿ ಮಂಗಳೂರಿನ ಸರಕಾರಿ ಕಾಲೇಜಿನಲ್ಲಿ ಅಧ್ಯಾಪಕರಾಗಿದ್ದರು. 1924ರಲ್ಲಿ ಮದರಾಸು ವಿಶ್ವವಿದ್ಯಾನಿಲಯದ ಗ್ರಂಥಪಾಲಕರಾದರು. 1931ರಲ್ಲಿ ಅವರು ಗ್ರಂಥಾಲಯಕ್ಕೆ ಐದು ಸೂತ್ರಗಳನ್ನು ಕೊಟ್ಟರು. ಪುಸ್ತಕವಿರುವುದು ಬಳಸುವುದಕ್ಕೆ, ಕಾಯುವುದಕ್ಕಲ್ಲ ಎಂಬುದೇ ಅವುಗಳಲ್ಲಿ ಮೊದಲನೆಯದರ ಸಾರ. ದೇವರು ವರ ಕೊಟ್ಟರೂ ಪೂಜಾರಿ ಕೊಡ ಎಂಬಂತೆ, ಪುಸ್ತಕ ಹರಿದರೆ ಲೆಕ್ಕ ಕೊಡಬೇಕಾದೀತೆಂದು ಕಪಾಟಿಗೆ ಬೀಗ ಜಡಿದಿಡುವ ಶಾಲೆಗಳು ಇಂದಿಗೂ ಉಂಟು. ಅಂಜಿಕೆ ಆ ಅಧ್ಯಾಪಕರ ತಪ್ಪಲ್ಲ. ಹರಿದ ಪುಸ್ತಕಕ್ಕೆ ಅವರಿಂದ ದಂಡ ಕೇಳುವ ಪದ್ಧತಿಯ ತಪ್ಪು.

ಹೊರಗಿನ ಅನುಭವವೂ ಇದೆ. ಅಮೆರಿಕದ ಶಾಲಾ ಗ್ರಂಥಪಾಲಕರ ಸಂಘ 1988ರಲ್ಲಿಯೇ ಗ್ರಂಥಪಾಲಕರೂ ಶಿಕ್ಷಕರೇ ಎಂದು ತನ್ನ ಮಾರ್ಗಸೂಚಿಯಲ್ಲಿ ಬರೆದುಕೊಂಡಿತು. ನಮ್ಮ ದೇಶದ ಹೋಶಂಗಾಬಾದಿನಲ್ಲಿ 1972ರಲ್ಲಿ 16 ಹಳ್ಳಿ ಶಾಲೆಗಳಲ್ಲಿ ಪ್ರಯೋಗದ ಮೂಲಕ ವಿಜ್ಞಾನ ಕಲಿಸುವ ಕೆಲಸ ಆರಂಭವಾಗಿ, ಅಧ್ಯಾಪಕರ ತರಬೇತಿಯ ಬಲದಿಂದಲೇ ಮೂವತ್ತು ವರ್ಷ ನಡೆಯಿತು.

ಓದಿಸಲು ಕನ್ನಡದಲ್ಲಿ ಏನಿದೆ ಎಂದು ಕೇಳುವವರಿದ್ದಾರೆ. ಶಿವರಾಮ ಕಾರಂತರು ಒಬ್ಬರೇ ಕುಳಿತು ಮಕ್ಕಳಿಗಾಗಿ ‘ಬಾಲ ಪ್ರಪಂಚ’, ದೊಡ್ಡವರಿಗಾಗಿ ‘ವಿಜ್ಞಾನ ಪ್ರಪಂಚ’ ಬರೆದರು. 1978ರಲ್ಲಿ ಆರಂಭವಾದ ‘ಬಾಲ ವಿಜ್ಞಾನ’ ಮಾಸಪತ್ರಿಕೆಗೆ ನಮ್ಮ ಗಡಿಯ ಅಡ್ಯನಡ್ಕದ ಕೃಷ್ಣ ಭಟ್ಟರು ಸಂಪಾದಕರಾಗಿ ದುಡಿದರು. ಬರಹವಿದೆ, ಓದುವ ಮಗುವೂ ಇದೆ. ನಡುವೆ ಇರುವುದು ರಾಜ್ಯದ ಗಡಿ ಮತ್ತು ಕಪಾಟಿನ ಬೀಗ.

ತರಬೇತಿಗೆ ಹೊಸ ಕಟ್ಟಡ ಬೇಕಾಗಿಲ್ಲ. ಸೋಲಾಪುರ ಜಿಲ್ಲೆಯ ಶಿಕ್ಷಣ ತರಬೇತಿ ಸಂಸ್ಥೆ ವೇಳಾಪುರದಲ್ಲಿದೆ. ಅದು ಜಿಲ್ಲೆಯ ಪಶ್ಚಿಮದ ಅಂಚು, ಅಕ್ಕಲಕೋಟೆ ಪೂರ್ವದ ಅಂಚು. ಆದ್ದರಿಂದ ಶಿಬಿರ ಅಕ್ಕಲಕೋಟೆಗೇ ಬರಬೇಕು, ಕನ್ನಡದಲ್ಲಿಯೇ ನಡೆಯಬೇಕು. ಮೂರು ದಿನ ಸಾಕು. ಒಂದು ಶಾಲೆಯಿಂದ ಇಬ್ಬರು. ಮೊದಲ ದಿನ ಅಧ್ಯಾಪಕರು ಮಕ್ಕಳು ಕೇಳುವ ಪ್ರಶ್ನೆಗಳನ್ನೂ ಗ್ರಂಥಪಾಲಕರು ಕಪಾಟಿನ ಪಟ್ಟಿಯನ್ನೂ ಎದುರಿಗಿಡಲಿ. ಯಾವ ಪ್ರಶ್ನೆಗೆ ಯಾವ ಪುಸ್ತಕವೂ ಇಲ್ಲವೋ ಅದೇ ಮುಂದಿನ ಖರೀದಿಯ ಪಟ್ಟಿ. ಎರಡನೆಯ ದಿನ ಇಬ್ಬರೂ ಕೂಡಿ ಒಂದು ಪಾಠ ಸಿದ್ಧಪಡಿಸಲಿ. ಮೂರನೆಯ ದಿನ ಮಕ್ಕಳೆದುರು ಅದನ್ನು ನಡೆಸಿ, ತಪ್ಪು ಒಪ್ಪು ಮಾತಾಡಿಕೊಳ್ಳಲಿ.

ಪ್ರಾಥಮಿಕ ಹಂತದಲ್ಲಿ ಮಾತೃಭಾಷೆಯ ಶಿಕ್ಷಣಕ್ಕೆ ಅನುಕೂಲ ಒದಗಿಸಬೇಕೆಂದು ಸಂವಿಧಾನದ 350ಎ ವಿಧಿ ರಾಜ್ಯಗಳಿಗೆ ಹೇಳುತ್ತದೆ. ಪಠ್ಯಪುಸ್ತಕ ಕೊಟ್ಟ ಮಾತ್ರಕ್ಕೆ ಆ ಅನುಕೂಲ ಪೂರ್ತಿಯಾಯಿತೆಂದು ನಾವು ಒಪ್ಪಬಾರದು.

ಅಕ್ಕಲಕೋಟೆಯ ಮಾತು ನಮ್ಮ ಮಾಯಿಪ್ಪಾಡಿಯ ತರಬೇತಿ ಸಂಸ್ಥೆಗೂ ಸಲ್ಲುತ್ತದೆ. ಅವರಿಗೆ ಎರೆಮಣ್ಣು, ನಮಗೆ ಮುರಕಲ್ಲು. ಅವರಿಗೆ ಮೋಹೋಳದ ಜೋಳ, ನಮಗೆ 1916ರಿಂದ ತೆಂಗಿನ ಸಂಶೋಧನೆ ನಡೆದುಬಂದ ಕಾಸರಗೋಡು. ಗುಡ್ಡ ಕೊರೆದು ನೀರು ತರಿಸಿದ ಸುರಂಗಗಳು ನಮ್ಮ ತೋಟಗಳಲ್ಲೇ ಇವೆ. ಅವುಗಳ ವಿಜ್ಞಾನವನ್ನು ನಮ್ಮ ಮಕ್ಕಳು ಕನ್ನಡದಲ್ಲಿ ಓದಿ ತಿಳಿಯುವಂತಾಗಬೇಕು. ಮುಂದಿನ ರಕ್ಷಕರ ಸಭೆಗೆ ಹೋದಾಗ ಅಂಕಗಳ ಜೊತೆಗೆ ಇನ್ನೂ ಒಂದು ವಿಷಯ ಕೇಳೋಣ: ಕಪಾಟಿನ ಕೀಲಿಕೈ ಯಾರಲ್ಲಿದೆ, ಕಳೆದ ಸಲ ಅದನ್ನು ತೆರೆದದ್ದು ಯಾವಾಗ?