ಹಳೆಯ ಕಾರನ್ನು ಗುಜರಿಗೆ ಹಾಕುವ ಮುನ್ನ...



ನಿಮ್ಮ ಸೊಸೈಟಿಯ ಪಾರ್ಕಿಂಗ್‌ನಲ್ಲಿ ಅಂಥದೊಂದು ಕಾರು ಇದ್ದೇ ಇರುತ್ತದೆ. ಬೆರಳಿನಿಂದ ಹೆಸರು ಬರೆಯುವಷ್ಟು ಧೂಳು, ಗಾಳಿ ಇಳಿದ ಟೈರುಗಳು. ಕೆ.ಎ. ನಂಬರ್ ಪ್ಲೇಟಿನದೇ ಆಗಿದ್ದರೂ ಆಶ್ಚರ್ಯವಿಲ್ಲ! ವರ್ಗವಾಗಿ ಬಂದಾಗ ಊರಿನಿಂದ ಜೊತೆಗೇ ತಂದದ್ದು. ಇನ್ನು ಅದರ ಗತಿಯೇನು? ಬೆಂಗಳೂರಿನಲ್ಲಾದರೆ "ಗುಜರಿಗೆ ಹಾಕಿ" ಅನ್ನುತ್ತೇವೆ. ಮುಂಬಯಿ, ಪುಣೆಯಲ್ಲಿ ಅದು ಭಂಗಾರ್, ದೆಹಲಿಯಲ್ಲಿ ಕಬಾಡಿ, ಚೆನ್ನೈಯಲ್ಲಿ ಕಾಯಲಾನ್ ಕಡೈ. ಹೆಸರು ಬೇರೆ, ಕೆಲಸ ಒಂದೇ.

ಈಚೆಗೆ ಎಲ್ಲರ ಬಾಯಲ್ಲೂ 'ಸರ್ಕ್ಯುಲರ್ ಎಕಾನಮಿ' ಎಂಬ ಮಾತು ಕೇಳಿಬರುತ್ತಿದೆ. ಕನ್ನಡದಲ್ಲಿ ವೃತ್ತಾಕಾರದ ಆರ್ಥಿಕತೆ ಎನ್ನುತ್ತಾರೆ. ಭೂಮಿಯಿಂದ ಅಗೆದದ್ದನ್ನು ಒಮ್ಮೆ ಬಳಸಿ ಎಸೆಯದೆ, ಮತ್ತೆ ಮತ್ತೆ ಬಳಕೆಗೆ ತರುವುದು ಎಂದಷ್ಟೇ ಅದರ ಅರ್ಥ. ನನ್ನನ್ನು ಕೇಳಿದರೆ, ನಮ್ಮ ಗುಜರಿಯವರು ಆ ಹೆಸರು ಹುಟ್ಟುವ ಮೊದಲೇ ಆ ಕೆಲಸ ಮಾಡಿಕೊಂಡು ಬಂದವರು. ದೆಹಲಿಯ ಮಾಯಾಪುರಿ, ಚೆನ್ನೈನ ಪುದುಪೇಟೆ, ಮುಂಬಯಿಯ ಕುರ್ಲಾ, ನಮ್ಮ ಬೆಂಗಳೂರಿನ ಶಿವಾಜಿನಗರ, ಎಲ್ಲಿಗೆ ಹೋದರೂ ನೋಡಿ: ಬಾಗಿಲು, ಹೆಡ್‌ಲೈಟ್, ಗೇರ್‌ಬಾಕ್ಸ್ ಎಲ್ಲವನ್ನೂ ಬಿಚ್ಚಿ ಜೋಡಿಸಿಟ್ಟಿರುತ್ತಾರೆ. ಯಾವ ಮಾಡೆಲಿನ ಭಾಗ ಇನ್ನಾವ ಮಾಡೆಲಿಗೆ ಹೊಂದುತ್ತದೆ ಎಂಬುದು ಅವರಿಗೆ ಬಾಯಿಪಾಠ!

ಇದರಲ್ಲೂ ಒಂದು ಕ್ರಮವಿದೆ. ಚೆನ್ನಾಗಿರುವ ಭಾಗವನ್ನು ಇದ್ದಂತೆಯೇ ಇನ್ನೊಂದು ಗಾಡಿಗೆ ಹಾಕುವುದು ಎಲ್ಲಕ್ಕಿಂತ ಉತ್ತಮ. ಆಗದಿದ್ದರೆ ಬಿಚ್ಚಿ, ತೊಳೆದು, ಸವೆದ ಬಿಡಿಭಾಗ ಬದಲಿಸಿ ಹೊಸದರಂತೆ ಮಾಡುವುದು. ಫ್ರಾನ್ಸಿನ ರೆನೋ ಕಂಪನಿ ಪ್ಯಾರಿಸ್ ಹತ್ತಿರದ ಷ್ವಾಜಿ-ಲ-ರ್ವಾ ಎಂಬಲ್ಲಿ 1949ರಲ್ಲೇ ಹಳೆಯ ಎಂಜಿನ್‌ಗಳಿಗೆ ಹೀಗೆ ಮರುಜನ್ಮ ಕೊಡಲು ಶುರು ಮಾಡಿತು. ನಮ್ಮ ಕೆ.ಎಸ್.ಆರ್.ಟಿ.ಸಿ. ಬಸ್ಸುಗಳ ಸವೆದ ಟೈರಿಗೆ ಹೊಸ ರಬ್ಬರ್ ಹೊದಿಸಿ ರೀಟ್ರೆಡ್ ಮಾಡುವುದೂ ಇದೇ ಜಾತಿಯ ಕೆಲಸ. ಇವೆರಡೂ ಆಗದಿದ್ದಾಗ ಮಾತ್ರ ಕುಲುಮೆ. ಕಾರಿನ ತೂಕದಲ್ಲಿ ಹೆಚ್ಚು ಪಾಲು ಕಬ್ಬಿಣ ಮತ್ತು ಉಕ್ಕು. ಅದು ಕರಗಿ ಮತ್ತೆ ಉಕ್ಕೇ ಆಗುತ್ತದೆ. ಹಳೆಯ ಅಲ್ಯೂಮಿನಿಯಂ ಕರಗಿಸಲು, ಅದಿರಿನಿಂದ ಹೊಸದು ತೆಗೆಯುವುದಕ್ಕೆ ಬೇಕಾದ ಶಕ್ತಿಯ ಸುಮಾರು ಶೇಕಡಾ 5ರಷ್ಟು ಸಾಕು.

ಹಾಗಾದರೆ ತೊಂದರೆ ಎಲ್ಲಿ ಅಂತೀರಾ? ಬೆಲೆ ಸಿಗದ ವಸ್ತುಗಳಲ್ಲಿ. ಬ್ರೇಕ್ ಆಯಿಲ್, ಕೂಲೆಂಟ್ ಸೀದಾ ಮೋರಿಗೆ. ಸೀಟಿನ ಫೋಮ್ ಬೆಂಕಿಗೆ. ಎ.ಸಿ.ಯ ಪೈಪು ಕತ್ತರಿಸಿದರೆ ಒಳಗಿನ ಗ್ಯಾಸು ಆಕಾಶಕ್ಕೆ. ಬಹಳಷ್ಟು ಕಾರುಗಳಲ್ಲಿರುವ ಆರ್-134ಎ ಗ್ಯಾಸು ಭೂಮಿಯನ್ನು ಬಿಸಿ ಮಾಡುವುದರಲ್ಲಿ ಇಂಗಾಲದ ಡೈಆಕ್ಸೈಡ್‌ಗಿಂತ ಸಾವಿರ ಪಟ್ಟಿಗೂ ಮೀರಿದ್ದು.

ಬ್ಯಾಟರಿಯ ಕಥೆ ಇನ್ನೂ ವಿಚಿತ್ರ. ಅದರ ತೂಕದ ಅರ್ಧಕ್ಕಿಂತ ಹೆಚ್ಚು ಸೀಸ, ಸೀಸಕ್ಕೆ ಒಳ್ಳೆಯ ಬೆಲೆ. ಹೊಸ ಬ್ಯಾಟರಿ ಕೊಳ್ಳುವಾಗ ಹಳೆಯದನ್ನು ಕೊಟ್ಟರೆ ಅಂಗಡಿಯವರು ರಿಯಾಯಿತಿ ಕೊಡುತ್ತಾರಲ್ಲ, ಅದು ಇದಕ್ಕೇ. 2001ರಿಂದಲೂ ಹಳೆಯ ಬ್ಯಾಟರಿ ವಾಪಸು ಪಡೆಯಬೇಕೆಂಬ ನಿಯಮವಿದೆ. 2022ರಲ್ಲಿ ಹೊಸ ನಿಯಮ ಬಂದು ವಿದ್ಯುತ್ ಗಾಡಿಗಳ ಬ್ಯಾಟರಿಯೂ ಸೇರಿಕೊಂಡಿತು. ಸರಿಯಾದ ಕಾರ್ಖಾನೆಯಲ್ಲಿ ಬ್ಯಾಟರಿಯನ್ನು ಮುಚ್ಚಿದ ಯಂತ್ರದೊಳಗೆ ಪುಡಿ ಮಾಡಿ, ಪ್ಲಾಸ್ಟಿಕ್ ಬೇರೆ, ಸೀಸ ಬೇರೆ ಮಾಡಿ, ಹೊಗೆಯನ್ನು ಶೋಧಿಸಿ ಬಿಡುತ್ತಾರೆ. ಕದ್ದುಮುಚ್ಚಿ ನಡೆಯುವ ಕಡೆ? ಕೊಡಲಿಯಿಂದ ಒಡೆಯುವುದು, ಆಸಿಡ್ ನೆಲಕ್ಕೆ ಚೆಲ್ಲುವುದು, ಬಯಲಲ್ಲೇ ಒಲೆ ಹಚ್ಚಿ ಸೀಸ ಕರಗಿಸುವುದು. ಆ ಧೂಳು ಸುತ್ತಲಿನ ಮನೆಗಳ ಮಕ್ಕಳ ಮೈ ಸೇರುತ್ತದೆ. ಬೆಳೆಯುವ ಮೆದುಳಿಗೆ ಪೆಟ್ಟು ಕೊಡುತ್ತದೆ. ಯುನಿಸೆಫ್ ಮತ್ತು ಪ್ಯೂರ್ ಅರ್ಥ್ ಸಂಸ್ಥೆಗಳ 2020ರ ವರದಿಯ ಅಂದಾಜಿನಂತೆ ಜಗತ್ತಿನ ಸುಮಾರು 80 ಕೋಟಿ ಮಕ್ಕಳ ರಕ್ತದಲ್ಲಿ ಆತಂಕಪಡಬೇಕಾದಷ್ಟು ಸೀಸವಿದೆ. ಬ್ಯಾಟರಿಗಳನ್ನು ಹೀಗೆ ಬೇಕಾಬಿಟ್ಟಿ ಕರಗಿಸುವುದನ್ನು ಅದು ದೊಡ್ಡ ಕಾರಣಗಳಲ್ಲೊಂದಾಗಿ ಹೆಸರಿಸಿತ್ತು. ಐನೂರು ರೂಪಾಯಿ ಹೆಚ್ಚು ಕೊಡುತ್ತೇನೆ ಅಂದವನಿಗೆ ಬ್ಯಾಟರಿ ಎತ್ತಿಕೊಡುವ ಮೊದಲು ಇದು ನೆನಪಿರಲಿ.

ಇನ್ನು ಕಾಗದದ ವಿಷಯ. ಬಹಳ ಜನ ಎಡವುವುದು ಇಲ್ಲೇ. ಕಾರು ಹೋಯಿತು, ನಗದು ಕೈಗೆ ಬಂತು, ಆರ್.ಸಿ. ಮಾತ್ರ ನಿಮ್ಮ ಹೆಸರಲ್ಲೇ ಉಳಿಯಿತು! ಅದೇ ನಂಬರಿನಲ್ಲಿ, ಅದೇ ಚಾಸಿಸ್ ತುಂಡಿನಲ್ಲಿ ಯಾವುದೋ ಗಾಡಿ ಎಲ್ಲೋ ಓಡಾಡಬಹುದು. 2018ರಲ್ಲಿ ಸುಪ್ರೀಂ ಕೋರ್ಟು ಒಂದು ಅಪಘಾತದ ಪ್ರಕರಣದಲ್ಲಿ ಸ್ಪಷ್ಟವಾಗಿ ಹೇಳಿತು: ಕಾರು ಕೈಯಿಂದ ಕೈಗೆ ಮಾರಾಟವಾಗಿದ್ದರೂ ಆರ್.ಟಿ.ಓ. ದಾಖಲೆಯಲ್ಲಿ ಹೆಸರಿರುವವರೇ ಮಾಲೀಕರು, ಪರಿಹಾರದ ಹೊಣೆಯೂ ಅವರದೇ. ಗಾಡಿ ಶಾಶ್ವತವಾಗಿ ಬಳಕೆಗೆ ಬಾರದಂತಾದರೆ 14 ದಿನಗಳೊಳಗೆ ತಿಳಿಸಬೇಕು ಎಂದು ಮೋಟಾರು ವಾಹನ ಕಾಯ್ದೆಯ 55ನೇ ಕಲಮು ಹೇಳುತ್ತದೆ.

ಇದಕ್ಕೆಲ್ಲ ಪರಿಹಾರವಾಗಿ ಬಂದದ್ದು 2021ರ ಗುಜರಿ ನೀತಿ. ನೋಂದಾಯಿತ ಕೇಂದ್ರಕ್ಕೆ ಕಾರು ಒಪ್ಪಿಸಿದರೆ 'ಸರ್ಟಿಫಿಕೇಟ್ ಆಫ್ ಡೆಪಾಸಿಟ್' ಎಂಬ ಪತ್ರ ಕೊಡುತ್ತಾರೆ. ಎಣ್ಣೆ, ಗ್ಯಾಸು, ಬ್ಯಾಟರಿ ಮೊದಲು ತೆಗೆದು, ಆಮೇಲೆ ಬಿಚ್ಚುವುದು ಅವರ ಜವಾಬ್ದಾರಿ. ಆ ಪತ್ರ ತೋರಿಸಿದರೆ ಹೊಸ ಗಾಡಿಯ ನೋಂದಣಿ ಶುಲ್ಕ ಮಾಫಿ. ಸ್ವಂತ ಬಳಕೆಯ ಗಾಡಿಗೆ ರಸ್ತೆ ತೆರಿಗೆಯಲ್ಲಿ ಶೇಕಡಾ 25ರವರೆಗೆ ರಿಯಾಯಿತಿ ಕೊಡಲು ಅವಕಾಶವಿದೆ. ಎಷ್ಟು ಎಂಬುದು ಆಯಾ ರಾಜ್ಯಕ್ಕೆ ಬಿಟ್ಟದ್ದು. 2025ರ ಏಪ್ರಿಲ್‌ನಿಂದ ಇನ್ನೊಂದು ನಿಯಮ ಜಾರಿಗೆ ಬಂದಿದೆ. ತಾವು ಹಿಂದೆ ಮಾರಿದ ಗಾಡಿಗಳ ಉಕ್ಕಿನಲ್ಲಿ ಇಂತಿಷ್ಟು ಪಾಲು ಮರುಬಳಕೆಗೆ ಬರುವಂತೆ ನೋಡಿಕೊಳ್ಳುವ ಹೊಣೆ ಈಗ ತಯಾರಕರ ಮೇಲೂ ಇದೆ. ಸರಿಯಾದ ನಡೆಯೇ. ಆದರೆ ಗಟ್ಟಿಮುಟ್ಟಾಗಿ ಓಡುವ, ಹೊಗೆ ಪರೀಕ್ಷೆ ಪಾಸಾಗುವ ಕಾರನ್ನು ಬರಿಯ ರಿಯಾಯಿತಿಯ ಆಸೆಗೆ ಕುಲುಮೆಗೆ ತಳ್ಳುವುದು ನನಗಂತೂ ಒಪ್ಪಿಗೆಯಿಲ್ಲ.

ನಿಮ್ಮದು ಕೆ.ಎ. ನಂಬರಿನ ಕಾರಾದರೂ ಬೆಂಗಳೂರಿಗೆ ಎಳೆದುಕೊಂಡು ಹೋಗಬೇಕಿಲ್ಲ. ನೀವಿರುವ ಊರಿನ ನೋಂದಾಯಿತ ಕೇಂದ್ರದಲ್ಲೇ ಕೊಡಬಹುದು. ಬ್ಯಾಂಕ್ ಸಾಲ ತೀರಿದ್ದರೆ ಆರ್.ಸಿ.ಯಲ್ಲಿ ಅದರ ನಮೂದು ತೆಗೆಸಿರಿ, ಬಾಕಿ ದಂಡ ಕಟ್ಟಿಬಿಡಿ. ಪತ್ರ ಕೈಗೆ ಬಂದ ಕೆಲವು ದಿನಗಳ ನಂತರ 'ವಾಹನ್' ಪೋರ್ಟಲ್‌ನಲ್ಲಿ ನಂಬರ್ ಹಾಕಿ, ನೋಂದಣಿ ರದ್ದಾಗಿದೆಯೇ ಅಂತ ನೋಡಿಕೊಳ್ಳಿ. ಫಾಸ್ಟ್ಯಾಗ್ ಖಾತೆ ಮುಚ್ಚಿಸಿ. ವಿಮಾ ಕಂಪನಿಯಿಂದ ನೋ ಕ್ಲೇಮ್ ಬೋನಸ್ ಪತ್ರ ಪಡೆಯಿರಿ, ಹೊಸ ಕಾರಿಗೆ ಉಪಯೋಗಕ್ಕೆ ಬರುತ್ತದೆ. ಅಂದ ಹಾಗೆ, ಬೀಗದ ಕೈ ಒಪ್ಪಿಸುವ ಮುಂಚೆ ಡ್ಯಾಶ್‌ಬೋರ್ಡಿನ ಗೂಡು, ಸೀಟಿನ ಕೆಳಗೆಲ್ಲ ಒಮ್ಮೆ ಕೈಯಾಡಿಸಿ. ಹಳೆಯ ಭಾವಗೀತೆಯ ಕ್ಯಾಸೆಟ್ ಒಂದೆರಡು ಸಿಕ್ಕರೂ ಸಿಕ್ಕಾವು!