ದೊರೆಯ ಕುದುರೆ ಕಾವಲು: ನೀಲಿ, ಕೆಂಪು ಮತ್ತು ಜರಿ

ಶಿಡ್ಲಘಟ್ಟ ತಾಲ್ಲೂಕಿನ ಜಂಗಮಕೋಟೆಯ ಸುತ್ತಮುತ್ತ ಹಿಪ್ಪುನೇರಳೆ ಸೊಪ್ಪು ಹಾಕಿ ಹುಳು ಸಾಕುವ ಮನೆಗಳ ಮಕ್ಕಳಿಗೆ ರೇಷ್ಮೆ ಎಂದೊಡನೆ ನೆನಪಾಗುವುದು ಜರಿ ಸೀರೆ. ಹದಿನೆಂಟನೇ ಶತಮಾನದ ಫ್ರಾನ್ಸಿನಲ್ಲಿ ಇದೇ ಜರಿ ಸಿಪಾಯಿಗಳ ಕೋಟಿನ ಮೇಲೂ ಮಿಂಚುತ್ತಿತ್ತೆಂದರೆ ಆಶ್ಚರ್ಯವಲ್ಲವೇ?

ಜಂಗಮಕೋಟೆಗೆ ದೂರವಲ್ಲದ ದೇವನಹಳ್ಳಿಯಲ್ಲಿ ಹುಟ್ಟಿದ ಟಿಪ್ಪು ಸುಲ್ತಾನನು ಬ್ರಿಟಿಷರ ವಿರುದ್ಧ ನೆರವು ಕೋರಿ ಮೂವರು ರಾಯಭಾರಿಗಳನ್ನು ಫ್ರಾನ್ಸಿಗೆ ಕಳುಹಿಸಿದನು. 1788ರ ಆಗಸ್ಟ್ 10ರಂದು ವರ್ಸೇಲ್ಸ್ ಅರಮನೆಯಲ್ಲಿ ದೊರೆ 16ನೇ ಲೂಯಿ ಅವರನ್ನು ಬರಮಾಡಿಕೊಂಡನು. ಆ ದೊರೆಯ ಅಂಗರಕ್ಷಕ ಸವಾರರದು ನೀಲಿ ಕೋಟು, ಕೆಂಪು ಒಳಬಟ್ಟೆ, ಅಂಚಿಗೆ ಬೆಳ್ಳಿ ಪಟ್ಟಿ. ದಳದಲ್ಲಿ ನಾಲ್ಕು ತುಕಡಿಗಳು. ಎಲ್ಲರ ಕೋಟೂ ಒಂದೇ; ಹೆಗಲಿನಿಂದ ಇಳಿಬಿದ್ದ ಪಟ್ಟಿಯ ಬಣ್ಣ ಮಾತ್ರ ಬೇರೆ ಬೇರೆ. ಬಿಳಿ, ಹಸಿರು, ನೀಲಿ, ಹಳದಿ ನೋಡಿದೊಡನೆ ಯಾರು ಯಾವ ತುಕಡಿಯವರೆಂದು ತಿಳಿಯುತ್ತಿತ್ತು.

ಕೆಂಪು ಕೋಟಿನ ಮಸ್ಕೆಟಿಯರ್ ಸವಾರರೂ ಇದ್ದರು. ಅವರ ಎರಡು ತುಕಡಿಗಳಿಗೆ ಕುದುರೆಯ ಬಣ್ಣದಿಂದಲೇ ಹೆಸರು: ಬೂದು ಮಸ್ಕೆಟಿಯರ್, ಕಪ್ಪು ಮಸ್ಕೆಟಿಯರ್. ಮೊದಲನೆಯದಕ್ಕೆ ಚಿನ್ನದ ಪಟ್ಟಿ, ಎರಡನೆಯದಕ್ಕೆ ಬೆಳ್ಳಿಯದು.

ಈ ಪಟ್ಟಿಗಳ ಗುಟ್ಟು ಲೋಹದ ಗುಣದಲ್ಲಿದೆ. ಒಂದು ಗ್ರಾಂ ಚಿನ್ನವನ್ನು ಸುಮಾರು ಎರಡು ಕಿಲೋಮೀಟರ್ ಉದ್ದದ ತಂತಿಯಾಗಿ ಎಳೆಯಬಹುದು. ಬೆಳ್ಳಿಯೂ ಹಾಗೆಯೇ ಎಳೆಯಲು ಬಗ್ಗುತ್ತದೆ. ಬೆಳ್ಳಿ ತಂತಿಯನ್ನು ಚಪ್ಪಟೆ ಮಾಡಿ ರೇಷ್ಮೆ ಎಳೆಗೆ ಸುತ್ತಿದರೆ ಜರಿ; ಅದಕ್ಕೆ ಚಿನ್ನದ ಲೇಪ ಕೊಟ್ಟರೆ ಚಿನ್ನದ ಜರಿ. ಗಾಳಿಯಲ್ಲಿನ ಗಂಧಕದ ಅನಿಲ ತಗುಲಿದರೆ ಬೆಳ್ಳಿ ಸಲ್ಫೈಡ್ ಉಂಟಾಗಿ ಜರಿ ಕಪ್ಪಾಗುತ್ತದೆ. ಅಜ್ಜಿಯ ಹಳೆಯ ಸೀರೆಯಲ್ಲಿ ಕಾಣುವುದೂ ಅದೇ.

ಯುದ್ಧಕ್ಕೆ ಹೋಗುವವರಿಗೆ ಇಷ್ಟು ಢಾಳಾದ ಬಣ್ಣವೇಕೆ? ಆಗಿನ ಕರಿಮದ್ದು ಸಿಡಿದರೆ ರಣರಂಗವೆಲ್ಲ ಹೊಗೆ. ತಮ್ಮವರನ್ನು ಗುರುತಿಸಲು ಗಾಢ ಬಣ್ಣ ಬೇಕಿತ್ತು. 1884ರಲ್ಲಿ ಫ್ರಾನ್ಸಿನ ಪಾಲ್ ವಿಯೇಲ್ ಹೊಗೆ ಕಡಿಮೆಯ ಮದ್ದು ಕಂಡುಹಿಡಿದ ಮೇಲೆ ಅದೇ ಬಣ್ಣ ಶತ್ರುವಿನ ಗುರಿಗೆ ಅನುಕೂಲವಾಯಿತು. ಸೈನ್ಯಗಳು ಮಣ್ಣಿನ ಬಣ್ಣಕ್ಕೆ ತಿರುಗಿದವು. ಗಾಢ ಬಣ್ಣ ಮೆರವಣಿಗೆಗೆ ಉಳಿಯಿತು. 1773ರಲ್ಲಿ ಆರಂಭವಾದ ದಳದಿಂದ ಬೆಳೆದುಬಂದ ನಮ್ಮ ರಾಷ್ಟ್ರಪತಿಗಳ ಅಂಗರಕ್ಷಕ ದಳದ ಕೆಂಪು ಕೋಟಿನಲ್ಲಿ ಅದನ್ನು ಇಂದಿಗೂ ಕಾಣಬಹುದು.

ವೈಭವಕ್ಕೆ ಬೆಲೆಯೂ ಇತ್ತು. ಖರ್ಚು ತಗ್ಗಿಸಲು 1775ರಲ್ಲಿಯೇ ಮಸ್ಕೆಟಿಯರ್ ದಳವನ್ನು ವಿಸರ್ಜಿಸಲಾಗಿತ್ತು. ಖಾಲಿ ಬೊಕ್ಕಸದ ಲೂಯಿಯಿಂದ ಟಿಪ್ಪುವಿಗೆ ಸೈನ್ಯದ ನೆರವು ದೊರೆಯಲಿಲ್ಲ. ರಾಯಭಾರಿಗಳ ಭೇಟಿಯಾದ ಹದಿನಾಲ್ಕು ತಿಂಗಳಲ್ಲೇ, 1789ರ ಅಕ್ಟೋಬರ್ 6ರಂದು, ರೊಟ್ಟಿಗಾಗಿ ಪ್ಯಾರಿಸ್‌ನಿಂದ ಬಂದ ಜನ ಅರಮನೆಗೆ ನುಗ್ಗಿದರು. ನೀಲಿ ಕೋಟಿನ ಇಬ್ಬರು ಕಾವಲುಗಾರರು ಹತರಾದರು.

ಆ ಸಮವಸ್ತ್ರ ಕುಲೀನರನ್ನು ಜನರಿಂದ ಬೇರೆ ಮಾಡಿ ತೋರಿಸುತ್ತಿತ್ತು. ಶಾಲೆಯ ಸಮವಸ್ತ್ರ ಇರುವುದು ಬಡವ ಬಲ್ಲಿದರೆಂಬ ಭೇದ ಮರೆಸಲು. ಜರಿಯಿಲ್ಲದಿದ್ದರೂ ಅದರ ಘನತೆ ದೊಡ್ಡದು.