ಸದ್ದಿಲ್ಲದೆ ನಿಂತ ಸೈಕಲ್

ಪಡಿತರ ಚೀಟಿಗೆ ಕತ್ತರಿ ಬಿದ್ದಾಗ ಇಡೀ ರಾಜ್ಯವೇ ಕೇಳಿತು. ಮಕ್ಕಳ ಸೈಕಲ್ ನಿಂತಾಗ ಕೇಳಿದವರು ವಿರಳ. ಈ ವ್ಯತ್ಯಾಸಕ್ಕೆ ಕಾರಣವೇನು?

2024ರ ನವೆಂಬರ್ ತಿಂಗಳಿನಲ್ಲಿ ರಾಜ್ಯದ ನ್ಯಾಯಬೆಲೆ ಅಂಗಡಿಗಳ ಮುಂದೆ ಒಂದೇ ಮಾತು: ‘ನಿಮ್ಮ ಕಾರ್ಡ್ ಉಳಿದಿದೆಯೇ?’ ಅನರ್ಹರನ್ನು ಗುರುತಿಸುವ ಹೆಸರಿನಲ್ಲಿ ಬಿಪಿಎಲ್ ಪಡಿತರ ಚೀಟಿಗಳನ್ನು ರದ್ದುಪಡಿಸುವ, ಎಪಿಎಲ್‌ಗೆ ಬದಲಾಯಿಸುವ ಕೆಲಸ ನಡೆದಿತ್ತು. ವಾರ್ಷಿಕ ವರಮಾನ 1.20 ಲಕ್ಷ ರೂಪಾಯಿ ದಾಟಿದವರು, ಸ್ವಂತಕ್ಕೆ ಕಾರು ಇರುವವರು, ಆದಾಯ ತೆರಿಗೆ ಕಟ್ಟುವವರು ಬಿಪಿಎಲ್ ಪಟ್ಟಿಯಲ್ಲಿ ಇರುವಂತಿಲ್ಲ ಎಂಬುದು ನಿಯಮ. ಆದರೆ ಕೂಲಿ ಮಾಡಿ ಬದುಕುವ ಮನೆಗಳ ಹೆಸರೂ ಪಟ್ಟಿಯಿಂದ ಬಿದ್ದುಹೋಗಿದೆ ಎಂಬ ದೂರು ಎಲ್ಲೆಡೆ ಕೇಳಿಬಂತು. ಪ್ರತಿಭಟನೆಗಳು ನಡೆದವು, ವಿರೋಧ ಪಕ್ಷಗಳು ಸರ್ಕಾರವನ್ನು ತರಾಟೆಗೆ ತೆಗೆದುಕೊಂಡವು, ಪತ್ರಿಕೆಗಳು ಮುಖಪುಟದಲ್ಲಿ ಬರೆದವು. ಅದೇ ತಿಂಗಳು ಮುಗಿಯುವುದರೊಳಗೆ ಸರ್ಕಾರ ಹಿಂದೆ ಸರಿಯಿತು. ಆದಾಯ ತೆರಿಗೆ ಪಾವತಿದಾರರು ಮತ್ತು ಸರ್ಕಾರಿ ನೌಕರರನ್ನು ಬಿಟ್ಟು ಉಳಿದವರ ಕಾರ್ಡುಗಳನ್ನು ಮರಳಿಸುವಂತೆ ಸೂಚನೆ ಹೊರಟಿತು.

ಇದು ಸದ್ದಾದ ಕಡಿತ. ಸದ್ದಾಯಿತು, ಆದ್ದರಿಂದ ಸರಿಹೋಯಿತು. ಅದಕ್ಕೆ ನಾಲ್ಕು ವರ್ಷ ಮೊದಲು ಇನ್ನೊಂದು ಸೌಲಭ್ಯ ನಿಂತುಹೋಗಿತ್ತು. ಅದನ್ನು ರದ್ದು ಮಾಡಿದ್ದೇವೆ ಎಂದು ಯಾರೂ ಡಂಗುರ ಸಾರಲಿಲ್ಲ. ಪಡೆಯಬೇಕಾಗಿದ್ದವರು ಹದಿಮೂರು, ಹದಿನಾಲ್ಕು ವರ್ಷದ ಮಕ್ಕಳು. ಅವರಿಗೆ ಮತವಿಲ್ಲ. ನಿಂತದ್ದು ಸರ್ಕಾರಿ ಸೈಕಲ್.

ಎಂಟನೇ ತರಗತಿಯ ಹೊಸ್ತಿಲು

ಈ ಯೋಜನೆ ಆರಂಭವಾದದ್ದು 2006-07ರಲ್ಲಿ. ಆಗ ಎಚ್.ಡಿ. ಕುಮಾರಸ್ವಾಮಿ ಮುಖ್ಯಮಂತ್ರಿ, ಹಣಕಾಸು ಖಾತೆ ಉಪಮುಖ್ಯಮಂತ್ರಿ ಬಿ.ಎಸ್. ಯಡಿಯೂರಪ್ಪ ಅವರ ಕೈಯಲ್ಲಿತ್ತು. ಮುಂದಿನ ವರ್ಷಗಳಲ್ಲಿ ಸರ್ಕಾರಿ ಮತ್ತು ಅನುದಾನಿತ ಪ್ರೌಢಶಾಲೆಗಳ 8ನೇ ತರಗತಿಯ ಹುಡುಗ, ಹುಡುಗಿಯರಿಗೆ ಇದು ವಿಸ್ತರಣೆಯಾಯಿತು. ವರ್ಷಕ್ಕೆ ಐದು ಲಕ್ಷದ ಆಸುಪಾಸಿನಲ್ಲಿ ಸೈಕಲ್‌ಗಳು ಮಕ್ಕಳ ಕೈ ಸೇರುತ್ತಿದ್ದವು.

ಎಂಟನೇ ತರಗತಿಯೇ ಏಕೆ? ಅದಕ್ಕೆ ಸ್ಪಷ್ಟ ಕಾರಣವಿದೆ. ಪ್ರಾಥಮಿಕ ಶಾಲೆ ಸಾಮಾನ್ಯವಾಗಿ ಊರೊಳಗೇ ಇರುತ್ತದೆ. ಪ್ರೌಢಶಾಲೆ ಹಾಗಲ್ಲ, ಐದು ಕಿಲೋಮೀಟರ್ ಒಳಗೆ ಒಂದು ಪ್ರೌಢಶಾಲೆ ಇರಬೇಕೆಂಬುದೇ ಸರ್ಕಾರದ ಗುರಿ. ಮೇಲಾಗಿ 2009ರ ಶಿಕ್ಷಣ ಹಕ್ಕು ಕಾಯ್ದೆಯ ರಕ್ಷಣೆ 14 ವರ್ಷಕ್ಕೆ, ಎಂಟನೇ ತರಗತಿಗೆ ಮುಗಿಯುತ್ತದೆ. ಊರಿನ ಶಾಲೆ ಮುಗಿದು, ದೂರದ ಶಾಲೆ ಶುರುವಾಗಿ, ಕಾನೂನಿನ ಆಸರೆಯೂ ಕೊನೆಗೊಳ್ಳುವ ಆ ಹೊಸ್ತಿಲಿನಲ್ಲಿ ಸೈಕಲ್ ಮಗುವಿನ ಕೈಗೆ ಬರುತ್ತಿತ್ತು.

ದಾವಣಗೆರೆ ಜಿಲ್ಲೆಯ ನಾಲ್ಕು ತಾಲ್ಲೂಕುಗಳನ್ನು ನೋಡಿದರೆ ಇದರ ಮಹತ್ವ ತಿಳಿಯುತ್ತದೆ. 1997ರಲ್ಲಿ ಹೊಸ ಜಿಲ್ಲೆ ರಚನೆಯಾದಾಗ ಶಿವಮೊಗ್ಗದಿಂದ ಬಂದ ಚನ್ನಗಿರಿ, ಹೊನ್ನಾಳಿ; ಚಿತ್ರದುರ್ಗದಿಂದ ಬಂದ ಜಗಳೂರು; 2018ರ ಸುಮಾರಿಗೆ ಹೊನ್ನಾಳಿಯಿಂದ ಬೇರೆಯಾದ ನ್ಯಾಮತಿ. ನಾಲ್ಕರ ನೆಲವೂ ಬೇರೆ, ಬದುಕೂ ಬೇರೆ. ಚನ್ನಗಿರಿಯದು ಅಡಿಕೆ ತೋಟ, ಸೂಳೆಕೆರೆಯ ನೀರು, ಉಬ್ರಾಣಿ ಕಡೆಗೆ ಹೋದರೆ ಕಾಡಿನಂಚು. ಹೊನ್ನಾಳಿಯದು ತುಂಗಭದ್ರೆಯ ದಡದ ಭತ್ತದ ಬಯಲು. ನ್ಯಾಮತಿಯದು ಸವಳಂಗದ ಕಡೆಗೆ ಏರುತ್ತಾ ಹೋಗುವ ಗುಡ್ಡಗಾಡು. ಜಗಳೂರಿನದು ಮಳೆಯನ್ನೇ ನಂಬಿದ ಮೆಕ್ಕೆಜೋಳ, ರಾಗಿಯ ಒಣಭೂಮಿ. ಅಡಿಕೆ ಧಾರಣೆ ಚೆನ್ನಾಗಿರುವ ವರ್ಷ ಚನ್ನಗಿರಿಯ ತೋಟದವರು ಮಗಳಿಗೆ ತಾವೇ ಸೈಕಲ್ ಕೊಡಿಸಿಯಾರು. ಮಳೆ ಕೈಕೊಟ್ಟ ವರ್ಷ ಜಗಳೂರಿನ ಕೂಲಿಕಾರರ ಮನೆಯಲ್ಲಿ ಆ ಮಾತೇ ಏಳುವುದಿಲ್ಲ. ಸರ್ಕಾರಿ ಸೈಕಲ್ ಈ ಎರಡು ಮನೆಗಳ ಮಕ್ಕಳನ್ನೂ ಒಂದೇ ದಿನ, ಒಂದೇ ಸಾಲಿನಲ್ಲಿ ನಿಲ್ಲಿಸುತ್ತಿತ್ತು.

ದೂರದ ಲೆಕ್ಕ

ವಿದ್ಯಾರ್ಥಿಗಳು ಒಂದು ಸಣ್ಣ ಲೆಕ್ಕ ಮಾಡಿ ನೋಡಬಹುದು. ಶಾಲೆ ಐದು ಕಿಲೋಮೀಟರ್ ದೂರವಿದೆ ಎನ್ನಿ. ಚೀಲ ಹೊತ್ತ ಮಗು ಗಂಟೆಗೆ ನಾಲ್ಕು ಕಿಲೋಮೀಟರ್ ವೇಗದಲ್ಲಿ ನಡೆದರೆ ಹೋಗಲು 75 ನಿಮಿಷ, ಬರಲು 75 ನಿಮಿಷ. ಸೈಕಲ್‌ನ ವೇಗ ಗಂಟೆಗೆ 12 ಕಿಲೋಮೀಟರ್ ಎಂದರೆ 25 ನಿಮಿಷ, 25 ನಿಮಿಷ. ದಿನಕ್ಕೆ ಉಳಿಯುವುದು 100 ನಿಮಿಷ. ವರ್ಷಕ್ಕೆ 220 ಶಾಲಾ ದಿನಗಳೆಂದು ಹಿಡಿದರೆ 22,000 ನಿಮಿಷ, ಅಂದರೆ ಸುಮಾರು 366 ಗಂಟೆ. ಆರು ಗಂಟೆಯ ಶಾಲಾ ದಿನದ ಲೆಕ್ಕದಲ್ಲಿ ಇದು 61 ದಿನಗಳ ಪಾಠಕ್ಕೆ ಸಮ! ಆ ಸಮಯ ಓದಿಗೆ, ಆಟಕ್ಕೆ, ನಿದ್ದೆಗೆ, ಮನೆಗೆಲಸಕ್ಕೆ ಹಂಚಿಹೋಗುತ್ತದೆ. ಸೈಕಲ್ ಇಲ್ಲದಿದ್ದರೆ ಅದೆಲ್ಲ ರಸ್ತೆಗೆ ಹೋಗುತ್ತದೆ.

ಇದು ಕಾಗದದ ಮೇಲಿನ ಲೆಕ್ಕ ಮಾತ್ರವಲ್ಲ. ಬಿಹಾರದಲ್ಲಿ 2006ರಲ್ಲೇ ಪ್ರೌಢಶಾಲೆಗೆ ಸೇರುವ ಹುಡುಗಿಯರಿಗೆ ಸೈಕಲ್ ಯೋಜನೆ ಆರಂಭವಾಯಿತು. ಅರ್ಥಶಾಸ್ತ್ರಜ್ಞರಾದ ಕಾರ್ತಿಕ್ ಮುರಳೀಧರನ್ ಮತ್ತು ನಿಶಿತ್ ಪ್ರಕಾಶ್ ಅದರ ಪರಿಣಾಮವನ್ನು ಅಧ್ಯಯನ ಮಾಡಿ 2017ರಲ್ಲಿ ಪ್ರಕಟಿಸಿದರು. ಪ್ರೌಢಶಾಲೆಗೆ ಸೇರುವ ಹುಡುಗಿಯರ ಪ್ರಮಾಣ ಶೇ. 32ರಷ್ಟು ಏರಿತ್ತು, ಹುಡುಗ, ಹುಡುಗಿಯರ ನಡುವಿನ ಅಂತರ ಶೇ. 40ರಷ್ಟು ತಗ್ಗಿತ್ತು. ಶಾಲೆ ಮೂರು ಕಿಲೋಮೀಟರ್‌ಗಿಂತ ದೂರವಿದ್ದ ಊರುಗಳಲ್ಲಿಯೇ ಹೆಚ್ಚಿನ ಲಾಭ ಕಂಡಿತ್ತು. ಹುಡುಗಿಯರು ಗುಂಪಾಗಿ ಸೈಕಲ್ ಏರಿ ಹೋಗುವುದು ಊರಿನ ಕಣ್ಣಿಗೆ ರೂಢಿಯಾದಂತೆ ಹೆತ್ತವರ ಅಂಜಿಕೆಯೂ ಕಡಿಮೆಯಾಯಿತು ಎಂಬುದು ಆ ಅಧ್ಯಯನದ ಇನ್ನೊಂದು ಸೂಚನೆ.

ನಮ್ಮ ರಾಜ್ಯದ ಯೋಜನೆಯಲ್ಲಿ ದೋಷಗಳು ಇರಲಿಲ್ಲವೆಂದಲ್ಲ. ಶಾಲೆ ತೆರೆದು ಎಷ್ಟೋ ತಿಂಗಳ ಮೇಲೆ ಸೈಕಲ್ ಬಂದದ್ದುಂಟು. ಬ್ರೇಕ್ ಹಿಡಿಯದ, ಬೇಗ ತುಕ್ಕು ಹಿಡಿದ ಸೈಕಲ್‌ಗಳ ಬಗ್ಗೆ ಪಾಲಕರು ದೂರಿದ್ದುಂಟು. ಸೈಕಲ್ ತಂದೆಯ ಹೊಲದ ಕೆಲಸಕ್ಕೆ ಹೋದದ್ದೂ ಉಂಟು. ಆದರೆ ಬಾವಿಯ ಹಗ್ಗ ಸವೆಯಿತೆಂದು ಬಾವಿಯನ್ನೇ ಮುಚ್ಚುತ್ತಾರೆಯೇ?

2020ರಲ್ಲಿ ಕೊರೊನಾ ಬಂದು ಶಾಲೆಗಳು ಮುಚ್ಚಿದಾಗ ಸೈಕಲ್ ವಿತರಣೆಯೂ ನಿಂತಿತು. ಅದು ಸಹಜವೇ ಆಗಿತ್ತು. ಸಹಜವಲ್ಲದ್ದು ಆಮೇಲಿನದು. ಶಾಲೆಗಳು ತೆರೆದವು, ಸೈಕಲ್ ಮರಳಲಿಲ್ಲ. ಯೋಜನೆಯನ್ನು ಆರಂಭಿಸಿದ ಯಡಿಯೂರಪ್ಪನವರೇ ಮುಖ್ಯಮಂತ್ರಿಯಾಗಿದ್ದಾಗ ಅದು ನಿಂತಿತು. ಬಸವರಾಜ ಬೊಮ್ಮಾಯಿ ಅವರ ಕಾಲದಲ್ಲೂ ಬರಲಿಲ್ಲ. 2023ರ ಮೇ ತಿಂಗಳಿನಲ್ಲಿ ಸರ್ಕಾರ ಬದಲಾದ ಮೇಲಿನ ಮೊದಲ ವರ್ಷಗಳಲ್ಲೂ ಬರಲಿಲ್ಲ. ಹೀಗಾಗಿ ಇದನ್ನು ಒಂದು ಪಕ್ಷದ ತಲೆಗೆ ಕಟ್ಟುವಂತಿಲ್ಲ. ಗ್ಯಾರಂಟಿ ಯೋಜನೆಗಳಿಂದಾಗಿ ಸೈಕಲ್ ನಿಂತಿತು ಎನ್ನುವವರೂ ಇದ್ದಾರೆ. ಆದರೆ ಸೈಕಲ್ ನಿಂತದ್ದು ಗ್ಯಾರಂಟಿಗಳು ಬರುವುದಕ್ಕೆ ಮೂರು ವರ್ಷ ಮೊದಲೇ.

ಬಸ್ ಇದೆಯಲ್ಲ ಎಂಬ ಮಾತೂ ಕೇಳಿಬರುತ್ತದೆ. 2023ರ ಜೂನ್ 11ರಂದು ಆರಂಭವಾದ ‘ಶಕ್ತಿ’ ಯೋಜನೆಯಿಂದ ವಿದ್ಯಾರ್ಥಿನಿಯರಿಗೆ ಅನುಕೂಲವಾಗಿರುವುದು ನಿಜ. ಆದರೆ ಅದು ಸರ್ಕಾರಿ ಬಸ್ಸಿಗೆ ಮಾತ್ರ ಅನ್ವಯ. ಈ ಭಾಗದ ಎಷ್ಟೋ ಮಾರ್ಗಗಳಲ್ಲಿ ಓಡುವುದು ಖಾಸಗಿ ಬಸ್ಸು. ಹುಡುಗರಿಗೆ ಈ ಯೋಜನೆಯೇ ಇಲ್ಲ. ಮುಖ್ಯರಸ್ತೆಯಿಂದ ಒಳಗಿರುವ ಊರಿಗೆ ಶಾಲೆಯ ಹೊತ್ತಿಗೆ ಬಸ್ಸೇ ಇಲ್ಲದಿದ್ದರೆ ಉಚಿತ ಟಿಕೆಟ್ಟಿನಿಂದ ಏನು ಪ್ರಯೋಜನ?

ಕಡಿತಕ್ಕೆ ಮೂರು ಮುಖ

ಸರ್ಕಾರದ ಕಡಿತವೆಲ್ಲ ಒಂದೇ ಬಗೆಯದಲ್ಲ. ಮೊದಲನೆಯದು ಆದೇಶದ ಕಡಿತ. ಪಡಿತರ ಚೀಟಿಯದು ಈ ಬಗೆ. ಕೇಂದ್ರ ಸರ್ಕಾರ 2022ರ ನವೆಂಬರ್‌ನಲ್ಲಿ ಅಲ್ಪಸಂಖ್ಯಾತರ ಮೆಟ್ರಿಕ್ ಪೂರ್ವ ವಿದ್ಯಾರ್ಥಿವೇತನವನ್ನು 9 ಮತ್ತು 10ನೇ ತರಗತಿಗೆ ಸೀಮಿತಗೊಳಿಸಿ, 1ರಿಂದ 8ನೇ ತರಗತಿಯವರಿಗೆ ನಿಲ್ಲಿಸಿದ್ದೂ ಇದೇ ಬಗೆ. ಎಂಟನೇ ತರಗತಿವರೆಗೆ ಶಿಕ್ಷಣ ಹೇಗೂ ಉಚಿತ ಎಂಬುದು ಕೇಂದ್ರ ಕೊಟ್ಟ ಕಾರಣ. ಒಪ್ಪಲಿ, ಬಿಡಲಿ, ಇಲ್ಲಿ ಆದೇಶವಿದೆ, ಕಾರಣವಿದೆ. ಜನ ಅದನ್ನು ಹಿಡಿದು ವಾದ ಮಾಡಬಹುದು.

ಎರಡನೆಯದು ಬೆಲೆ ಏರಿಕೆಯೊಳಗೆ ಅಡಗಿದ ಕಡಿತ. ಬಿಸಿಯೂಟ ಮಾಡುವ ತಾಯಂದಿರಿಗೆ ಕೇಂದ್ರದ ಮಾರ್ಗಸೂಚಿ 2009ರಲ್ಲಿ ನಿಗದಿ ಮಾಡಿದ ಗೌರವಧನ ತಿಂಗಳಿಗೆ 1,000 ರೂಪಾಯಿ, ಅದೂ ವರ್ಷದಲ್ಲಿ ಹತ್ತು ತಿಂಗಳು ಮಾತ್ರ. 2025ರಲ್ಲೂ ಅದು ಅಷ್ಟೇ ಇತ್ತು. ಬೆಲೆಗಳು ವರ್ಷಕ್ಕೆ ಶೇ. 6ರಂತೆ ಏರಿದರೆ ಎಷ್ಟು ವರ್ಷಕ್ಕೆ ಇಮ್ಮಡಿಯಾಗುತ್ತವೆ? 72ನ್ನು 6ರಿಂದ ಭಾಗಿಸಿದರೆ ಸಾಕು, 12 ವರ್ಷ. ಅಂದರೆ 1,000 ರೂಪಾಯಿ ಕಾಗದದಲ್ಲಿ ಹಾಗೆಯೇ ಇದ್ದರೂ 2021ರ ಹೊತ್ತಿಗೆ ಅದು ಕೊಳ್ಳುವ ಸಾಮಾನು ಅರ್ಧಕ್ಕೆ ಇಳಿದಿರುತ್ತದೆ. ರಾಜ್ಯ ಸರ್ಕಾರ ತನ್ನ ಪಾಲನ್ನು ಆಗಾಗ ಹೆಚ್ಚಿಸಿದೆ. ಆ ಹೆಚ್ಚಳಕ್ಕಾಗಿ ಅಕ್ಷರ ದಾಸೋಹದ ನೌಕರರು ಬೆಂಗಳೂರಿನ ಫ್ರೀಡಂ ಪಾರ್ಕ್‌ನಲ್ಲಿ ಮತ್ತೆ ಮತ್ತೆ ಧರಣಿ ಕೂರಬೇಕಾಯಿತು.

ಮೂರನೆಯದು ಮೌನದ ಕಡಿತ. ಆದೇಶವಿಲ್ಲ, ಕಾರಣವಿಲ್ಲ, ಕೊನೆಯ ದಿನಾಂಕವೂ ಇಲ್ಲ. ‘ಈ ವರ್ಷ ಬಂದಿಲ್ಲ’ ಎಂಬ ಮಾತು ಎರಡು ಮೂರು ವರ್ಷ ನಡೆದರೆ, ಆಮೇಲೆ ಬಂದ ಮಕ್ಕಳಿಗೆ ಹಾಗೊಂದು ಸೌಲಭ್ಯವಿತ್ತು ಎಂಬುದೇ ತಿಳಿದಿರುವುದಿಲ್ಲ. ಸೈಕಲ್ ಈ ಬಗೆಯದು.

ಇದು ನಮ್ಮಲ್ಲಿ ಮಾತ್ರ ನಡೆದದ್ದಲ್ಲ. ಬ್ರಿಟನ್ನಿನಲ್ಲಿ 1946ರಿಂದ ಶಾಲಾ ಮಕ್ಕಳಿಗೆ ಉಚಿತ ಹಾಲು ಸಿಗುತ್ತಿತ್ತು. 1971ರಲ್ಲಿ ಶಿಕ್ಷಣ ಸಚಿವೆಯಾಗಿದ್ದ ಮಾರ್ಗರೆಟ್ ಥ್ಯಾಚರ್ ಏಳು ವರ್ಷ ಮೀರಿದ ಮಕ್ಕಳ ಹಾಲು ನಿಲ್ಲಿಸಿದಾಗ ‘ಹಾಲು ಕಸಿದವಳು’ ಎಂಬ ಹೆಸರು ಅವರಿಗೆ ಅಂಟಿ, ಕೊನೆಯವರೆಗೂ ಹೋಗಲಿಲ್ಲ. ಆದರೆ ಅದಕ್ಕೆ ಮೂರು ವರ್ಷ ಮೊದಲು, 1968ರಲ್ಲಿ, ಲೇಬರ್ ಪಕ್ಷದ ಸರ್ಕಾರ ಪ್ರೌಢಶಾಲೆಯ ಮಕ್ಕಳ ಹಾಲನ್ನು ನಿಲ್ಲಿಸಿತ್ತು. ಅದನ್ನು ನೆನಪಿಟ್ಟವರು ಕಡಿಮೆ. ಸದ್ದಾದ ಮಾತ್ರಕ್ಕೆ ಕೈಬಿಟ್ಟದ್ದು ಮರಳಿ ಬಂದೇ ಬರುತ್ತದೆ ಎಂದಲ್ಲ. ಥ್ಯಾಚರ್ ನಿಲ್ಲಿಸಿದ ಹಾಲೂ ಮರಳಲಿಲ್ಲ. ಆದರೆ ಸದ್ದೇ ಆಗದಿದ್ದರೆ ಲೆಕ್ಕ ಕೊಡಬೇಕಾದ ಹೊಣೆಯೂ ಯಾರ ಮೇಲೂ ಇರುವುದಿಲ್ಲ.

ಹಣ ಎಲ್ಲಿದೆ?

ಸರ್ಕಾರದ ಕಡೆಯ ಮಾತನ್ನೂ ಕೇಳಬೇಕು. ಬೊಕ್ಕಸಕ್ಕೆ ಬರುವ ಹಣ ತೆರಿಗೆಯಿಂದ ಬರಬೇಕು, ಇಲ್ಲವೇ ಸಾಲದಿಂದ. ಒಂದು ಕಡೆ ಹೆಚ್ಚು ಕೊಟ್ಟರೆ ಇನ್ನೊಂದು ಕಡೆ ಕೈ ಬಿಗಿಯಾಗುತ್ತದೆ. 2025ರ ಮಾರ್ಚ್ 7ರಂದು ಮುಖ್ಯಮಂತ್ರಿ ಸಿದ್ದರಾಮಯ್ಯ ಮಂಡಿಸಿದ 2025-26ರ ಆಯವ್ಯಯದ ಗಾತ್ರ 4,09,549 ಕೋಟಿ ರೂಪಾಯಿ. ಅದರಲ್ಲಿ ಐದು ಗ್ಯಾರಂಟಿಗಳಿಗೆ 51,034 ಕೋಟಿ, ಅಂದರೆ ಸುಮಾರು ಎಂಟನೆಯ ಒಂದು ಪಾಲು. ಶಿಕ್ಷಣಕ್ಕೆ 45,286 ಕೋಟಿ, ಸುಮಾರು ಒಂಬತ್ತನೆಯ ಒಂದು ಪಾಲು.

ಈಗ ಸೈಕಲ್ಲಿನ ಲೆಕ್ಕ ಹಾಕೋಣ. ಒಂದಕ್ಕೆ 5,000 ರೂಪಾಯಿ ಎಂದು ಧಾರಾಳವಾಗಿಯೇ ಹಿಡಿದರೂ ಐದು ಲಕ್ಷ ಸೈಕಲ್‌ಗಳಿಗೆ 250 ಕೋಟಿ. ಶಿಕ್ಷಣಕ್ಕೆ ಇಟ್ಟ ಪ್ರತಿ ನೂರು ರೂಪಾಯಿಯಲ್ಲಿ 55 ಪೈಸೆ. ಇಡೀ ಆಯವ್ಯಯದ ನೂರು ರೂಪಾಯಿಯಲ್ಲಿ ಆರು ಪೈಸೆ. ಹಣದ ಅಭಾವವೊಂದೇ ಕಾರಣವೆಂದು ಒಪ್ಪಿಕೊಳ್ಳುವುದು ಕಷ್ಟ.

ಗೃಹಲಕ್ಷ್ಮಿಯ 2,000 ರೂಪಾಯಿಯಲ್ಲಿ ಮನೆಯವರೇ ಸೈಕಲ್ ಕೊಳ್ಳಬಹುದಲ್ಲ ಎಂದು ಕೆಲವರು ಕೇಳುತ್ತಾರೆ. ಕೊಂಡ ತಾಯಂದಿರೂ ಇರಬಹುದು. ಆದರೆ ಮನೆಗೆ ಬಂದ ಹಣಕ್ಕೆ ದಿನಸಿ, ಔಷಧಿ, ಸಂಘದ ಸಾಲದ ಕಂತು ಎಂದು ಹತ್ತು ಕೈಗಳು ಚಾಚುತ್ತವೆ. ಆ ಸಾಲಿನಲ್ಲಿ ಮಗಳ ಸೈಕಲ್ ಎಷ್ಟನೆಯದು? ಶಾಲೆಯಲ್ಲಿ ಮಗಳ ಹೆಸರು ಕೂಗಿ ಕೊಟ್ಟ ಸೈಕಲ್ಲಿಗೆ ಈ ಸರದಿ ಇರುವುದಿಲ್ಲ.

ಕೇಳುವ ಅಭ್ಯಾಸ

ಪಾಲಕರು ಮಾಡಬಹುದಾದದ್ದು ಇದೆ. ಪ್ರತಿ ಸರ್ಕಾರಿ ಶಾಲೆಯಲ್ಲೂ ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿ ಇರುತ್ತದೆ. ಅದರಲ್ಲಿ ಪಾಲಕರೇ ಹೆಚ್ಚು. ಯಾವ ಊರಿನಿಂದ ಎಷ್ಟು ಮಕ್ಕಳು ಎಷ್ಟು ದೂರ ನಡೆದು ಬರುತ್ತಾರೆ ಎಂಬ ಪಟ್ಟಿಯನ್ನು ಸಮಿತಿ ತಯಾರಿಸಿ ನಿರ್ಣಯ ಮಾಡಿದರೆ ಶಾಸಕರ ಕೈಗೆ ಕೊಡಲು ಅದಕ್ಕಿಂತ ಗಟ್ಟಿಯಾದ ಕಾಗದ ಬೇಕಿಲ್ಲ. 2005ರ ಮಾಹಿತಿ ಹಕ್ಕು ಕಾಯ್ದೆಯಡಿ ಹತ್ತು ರೂಪಾಯಿ ಶುಲ್ಕ ಕಟ್ಟಿ ಅರ್ಜಿ ಹಾಕಿದರೆ, ಯೋಜನೆ ರದ್ದಾಗಿದೆಯೇ ಇಲ್ಲವೇ, ಆಗಿದ್ದರೆ ಆದೇಶ ಎಲ್ಲಿ ಎಂಬುದಕ್ಕೆ 30 ದಿನಗಳಲ್ಲಿ ಉತ್ತರ ಕೊಡಬೇಕು. ಬಿಪಿಎಲ್ ಕುಟುಂಬಕ್ಕೆ ಆ ಶುಲ್ಕವೂ ಇಲ್ಲ.

ವಿದ್ಯಾರ್ಥಿಗಳಿಗೂ ಒಂದು ವೇದಿಕೆ ಇದೆ. ಗ್ರಾಮ ಪಂಚಾಯಿತಿಗಳು ವರ್ಷಕ್ಕೊಮ್ಮೆ ಮಕ್ಕಳ ಗ್ರಾಮಸಭೆ ನಡೆಸಬೇಕು. ಎಷ್ಟೋ ಕಡೆ ಅದು ಹಾರ, ಭಾಷಣಗಳಲ್ಲಿ ಮುಗಿದುಹೋಗುತ್ತದೆ. ಅಲ್ಲಿ ಒಬ್ಬ ಹುಡುಗಿ ಎದ್ದು, ‘ನಮ್ಮ ಅಕ್ಕನಿಗೆ ಸೈಕಲ್ ಬಂದಿತ್ತು, ನನಗೆ ಏಕೆ ಬರಲಿಲ್ಲ?’ ಎಂದು ಕೇಳಿ, ಆ ಪ್ರಶ್ನೆ ನಡಾವಳಿ ಪುಸ್ತಕದಲ್ಲಿ ದಾಖಲಾದರೆ ಮೌನದ ಕಡಿತ ಅಂದಿಗೆ ಮೌನದ್ದಾಗಿ ಉಳಿಯುವುದಿಲ್ಲ.

ಪಡಿತರ ಚೀಟಿಯ ಪ್ರಸಂಗ ಕಲಿಸಿದ ಪಾಠ ಇದೇ. ಕೊಡುವುದು, ಬಿಡುವುದು ಸರ್ಕಾರದ ಕೈಯಲ್ಲಿರಬಹುದು. ಯಾವುದನ್ನು ಏಕೆ ಬಿಟ್ಟಿರಿ ಎಂದು ಕೇಳುವುದು ಮಾತ್ರ ಜನರ ಕೆಲಸ. ಮತವಿಲ್ಲದ ಮಕ್ಕಳ ಪರವಾಗಿ ಆ ಕೆಲಸವನ್ನು ಮನೆಯ ಹಿರಿಯರು ಮಾಡಬೇಕು.